ಕೊಂಡ ಬೀಜ ಯಾರದು?

ಹಾನಗಲ್ಲ ಸೀಮೆಯಲ್ಲಿ ಭತ್ತವನ್ನು ನಾಟಿ ಮಾಡುವುದಕ್ಕಿಂತ ಕೂರಿಗೆಯಿಂದ ಬಿತ್ತುವುದೇ ಹಳೆಯ ರೂಢಿ. ಅತ್ತ ಪೂರ್ತಿ ಮಲೆನಾಡೂ ಅಲ್ಲದ, ಇತ್ತ ಬಯಲುಸೀಮೆಯೂ ಅಲ್ಲದ ಈ ಸೆರಗಿನ ನಾಡಿನಲ್ಲಿ ಮುಂಗಾರಿನ ಹದ ನೋಡಿಕೊಂಡು ಬೀಜ ನೆಲಕ್ಕೆ ಬೀಳಬೇಕು. ಹಾಗೆ ಬೀಳಬೇಕಾದರೆ ಮಳೆಗೆ ಮುಂಚೆಯೇ ಅದು ಮನೆಯಲ್ಲಿರಬೇಕು. ಸುಗ್ಗಿಯಲ್ಲಿ ಒಳ್ಳೆಯ ತೆನೆಗಳನ್ನು ಬೇರೆ ಆಯ್ದು, ಬಡಿದು, ಬಿಸಿಲಿಗೆ ಒಣಗಿಸಿ, ಬೇವಿನ ಸೊಪ್ಪು ಬೆರೆಸಿ ಎತ್ತಿಡುವ ಕೆಲಸ ಹೆಚ್ಚಾಗಿ ಹೆಂಗಸರದು. ಉಣ್ಣುವ ಕಾಳಿಗೂ ಬಿತ್ತುವ ಕಾಳಿಗೂ ಮನೆಯೊಳಗೆ ಬೇರೆ ಬೇರೆ ಜಾಗ. ಬೀಜ ತೀರಿದವರು ನೆರೆಮನೆಯಿಂದ ತಂದು ಬಿತ್ತಿ, ಸುಗ್ಗಿಯಲ್ಲಿ ಒಂದಿಷ್ಟು ಹೆಚ್ಚಿಗೆ ಸೇರಿಸಿ ಅಳೆದು ಹಿಂತಿರುಗಿಸುತ್ತಿದ್ದರು. ಸವಣೂರು, ಶಿಗ್ಗಾಂವಿಗಳ ಜೋಳ, ಹತ್ತಿಗಳಿಗೂ ಹಿರೇಕೆರೂರಿನ ಮೆಣಸಿನಕಾಯಿಗೂ ಇದೇ ಕ್ರಮ. ಬೀಜಕ್ಕೆ ಬೆಲೆಯಿರಲಿಲ್ಲವೆಂದಲ್ಲ. ಆದರೆ ಒಮ್ಮೆ ಕೈಗೆ ಬಂದ ಬೀಜ ಪಡೆದವನದೇ ಆಗುತ್ತಿತ್ತು. ಅದನ್ನು ಮರುವರ್ಷ ಬಿತ್ತಕೂಡದು, ಅಳಿಯನ ಊರಿಗೆ ಕಳಿಸಕೂಡದು ಎಂದು ಕೊಟ್ಟವನು ಹೇಳುವುದು ಯಾರ ಕಲ್ಪನೆಗೂ ಬಂದಿರಲಿಲ್ಲ.

ಹೊರಗಿನ ಬೀಜ ಎಂದರೆ ಇಲ್ಲಿನವರಿಗೆ ಅಂಜಿಕೆಯಿತ್ತು ಎಂದು ಯಾರಾದರೂ ಹೇಳಿದರೆ ನಂಬಬೇಕಾಗಿಲ್ಲ. ಬ್ಯಾಡಗಿಯ ಹೆಸರಿನಲ್ಲಿ ಲೋಕಪ್ರಸಿದ್ಧವಾದ ಮೆಣಸಿನಕಾಯಿಯ ಮೂಲ ಅಮೆರಿಕ ಖಂಡ. ಪೋರ್ಚುಗೀಸರ ಹಡಗಿನಲ್ಲಿ ಬಂದದ್ದು. ಇಂದು ಹಾವೇರಿ ಜಿಲ್ಲೆಯ ಹೊಲಗಳನ್ನು ತುಂಬಿರುವ ಗೋವಿನಜೋಳವೂ ಆ ಖಂಡದ್ದೇ. 1840ರ ದಶಕದಲ್ಲಿ ಈಸ್ಟ್ ಇಂಡಿಯಾ ಕಂಪನಿ ಅಮೆರಿಕದಿಂದ ಹತ್ತಿ ಬೆಳೆಗಾರರನ್ನು ಕರೆಸಿ, ನ್ಯೂ ಆರ್ಲಿಯನ್ಸ್ ಹತ್ತಿಯ ಬೀಜವನ್ನು ಹಿಂದುಸ್ತಾನದ ಹಲವೆಡೆ ಬಿತ್ತಿಸಿ ನೋಡಿತು. ಬಹಳ ಕಡೆ ಕೈಕೊಟ್ಟ ಆ ಬೀಜ ಧಾರವಾಡದ ನೆಲಕ್ಕೆ ಒಗ್ಗಿತು. ಮುಂದೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಮ್ಯಾಂಚೆಸ್ಟರಿನ ಗಿರಣಿಗಳಿಗೆ ಹತ್ತಿಯ ಬರ ಬಂದಾಗ ‘ಧಾರವಾಡ ಅಮೆರಿಕನ್’ ಎಂಬ ಹೆಸರು ಮುಂಬಯಿ ಪೇಟೆಯಲ್ಲಿ ಮೆರೆಯಿತು. ಬೀಜ ಕೊಟ್ಟದ್ದು ಕಂಪನಿ ಸರಕಾರ. ಉಳಿಸಿ, ಹಂಚಿ ಬೆಳೆಸಿದವರು ರೈತರು.

ಬೀಗ ಬಂದದ್ದು ಸಂಕರಣ ತಳಿಯ ಜೊತೆಗೆ, ಸದ್ದಿಲ್ಲದೆ. ಧಾರವಾಡದ ಕೃಷಿ ಸಂಶೋಧನಾ ಕೇಂದ್ರದಲ್ಲಿ ಬಿ. ಎಚ್. ಕತರ್ಕಿ ಅವರು ಎರಡು ಭಿನ್ನ ಜಾತಿಯ ಹತ್ತಿಗಳನ್ನು ಕೂಡಿಸಿ 1972ರಲ್ಲಿ ‘ವರಲಕ್ಷ್ಮಿ’ಯನ್ನು ಹೊರತಂದರು. ಉದ್ದ ಎಳೆ, ಹೆಚ್ಚು ಇಳುವರಿ, ಪೇಟೆಯಲ್ಲಿ ಒಳ್ಳೆಯ ದರ. 1981ರಲ್ಲಿ ಡಿ.ಸಿ.ಎಚ್. 32, ಅಂದರೆ ‘ಜಯಲಕ್ಷ್ಮಿ’ ಬಂತು. ಧಾರವಾಡ ಸೀಮೆಯ ಎಷ್ಟೋ ಮನೆಗಳಲ್ಲಿ ಹತ್ತಿ ಹಣದ ಬೆಳೆಯಾಗಿ ನಿಂತದ್ದು ಈ ಲಕ್ಷ್ಮಿಯರ ಕಾಲದಲ್ಲಿ. ಆದರೆ ಸಂಕರಣ ತಳಿಗೆ ಒಂದು ಗುಣವಿದೆ. ಎರಡು ಬೇರೆ ತಳಿಗಳ ಕೂಡಿಕೆಯಿಂದ ಬಂದ ಮೊದಲ ಪೀಳಿಗೆ ಮಾತ್ರ ಒಂದೇ ಸಮನಾಗಿ, ಹುರುಪಿನಿಂದ ಬೆಳೆಯುತ್ತದೆ. ಅದರ ಬೀಜವನ್ನೇ ಮತ್ತೆ ಬಿತ್ತಿದರೆ ಮೊಳೆಯುತ್ತದೆ, ಬೆಳೆಯುತ್ತದೆ. ಆದರೆ ಗಿಡಗಳು ಒಂದೊಂದು ತರಹ, ಇಳುವರಿಯೂ ಕಡಿಮೆ. ಯಾರೂ ಬಿತ್ತಬೇಡ ಎನ್ನುವುದಿಲ್ಲ. ಬಿತ್ತಿದರೆ ನಷ್ಟ, ಅಷ್ಟೆ. ಹೀಗೆ ವರ್ಷ ವರ್ಷವೂ ಅಂಗಡಿಗೆ ಹೋಗುವ ರೂಢಿಯನ್ನು ರೈತರು ಬಲವಂತದಿಂದಲ್ಲ, ಲಾಭದ ಲೆಕ್ಕ ಹಾಕಿಯೇ ಒಪ್ಪಿಕೊಂಡರು. ಅವರನ್ನು ಮೋಸಹೋದವರೆಂದು ಚಿತ್ರಿಸುವುದು ಅವರ ಲೆಕ್ಕಾಚಾರಕ್ಕೆ ಮಾಡುವ ಅವಮಾನ.

1988ರ ಹೊಸ ಬೀಜ ನೀತಿ ಖಾಸಗಿ ಮತ್ತು ವಿದೇಶಿ ಕಂಪನಿಗಳಿಗೆ ಬಾಗಿಲನ್ನು ಇನ್ನಷ್ಟು ತೆರೆಯಿತು. 1991ರ ಡಿಸೆಂಬರಿನಲ್ಲಿ ಗ್ಯಾಟ್ ಸಂಸ್ಥೆಯ ಮುಖ್ಯಸ್ಥ ಆರ್ಥರ್ ಡಂಕೆಲ್ ಮುಂದಿಟ್ಟ ಕರಡು, ಸಸ್ಯತಳಿಗಳಿಗೂ ಬೌದ್ಧಿಕ ಹಕ್ಕಿನ ರಕ್ಷಣೆ ಇರಬೇಕೆಂದಿತು. ಹಳ್ಳಿಯ ಕಟ್ಟೆಗಳ ಮೇಲೂ ಡಂಕೆಲ್ ಹೆಸರು ಓಡಾಡಿದ ಕಾಲವದು. ಪ್ರೊ. ಎಂ. ಡಿ. ನಂಜುಂಡಸ್ವಾಮಿ ನೇತೃತ್ವದ ಕರ್ನಾಟಕ ರಾಜ್ಯ ರೈತ ಸಂಘದವರು 1992ರ ಡಿಸೆಂಬರಿನಲ್ಲಿ ಬೆಂಗಳೂರಿನ ಕಾರ್ಗಿಲ್ ಬೀಜ ಕಂಪನಿಯ ಕಚೇರಿಗೆ ನುಗ್ಗಿ ಕಾಗದಪತ್ರಗಳನ್ನು ಬೀದಿಯಲ್ಲಿ ಸುಟ್ಟರು. 1993ರ ಜುಲೈಯಲ್ಲಿ ಬಳ್ಳಾರಿಯಲ್ಲಿ ಅದೇ ಕಂಪನಿ ಕಟ್ಟಿಸುತ್ತಿದ್ದ ಬೀಜ ಘಟಕವನ್ನು ಕೆಡವಿದರು. ‘ಬೀಜ ಸತ್ಯಾಗ್ರಹ’ ಎಂಬ ಮಾತು ಚಾಲ್ತಿಗೆ ಬಂತು. ಕಟ್ಟಡ ಕೆಡವುದು ಸತ್ಯಾಗ್ರಹ ಹೇಗಾದೀತು ಎಂಬ ವಾದವೂ ಆಗಲೇ ನಡೆಯಿತು.

ಈ ಸಿಟ್ಟಿನ ಮೇಲೆ ತುಪ್ಪ ಸುರಿದಂತೆ ಬಂದದ್ದು ‘ಟರ್ಮಿನೇಟರ್’. 1998ರ ಮಾರ್ಚ್ 3ರಂದು ಅಮೆರಿಕದ ಡೆಲ್ಟಾ ಆ್ಯಂಡ್ ಪೈನ್ ಲ್ಯಾಂಡ್ ಎಂಬ ಹತ್ತಿಬೀಜದ ಕಂಪನಿಗೂ ಆ ದೇಶದ ಕೃಷಿ ಇಲಾಖೆಗೂ ಜಂಟಿಯಾಗಿ ಒಂದು ಪೇಟೆಂಟ್ ದೊರೆಯಿತು. ಮಾರುವ ಮುನ್ನ ಬೀಜಕ್ಕೆ ಒಂದು ಔಷಧದ ಉಪಚಾರ. ಅದರಿಂದ ಒಳಗಿನ ವಂಶವಾಹಿಯೊಂದು ಎಚ್ಚರಗೊಳ್ಳುತ್ತದೆ. ಬಿತ್ತಿದ ಬೆಳೆ ಎಂದಿನಂತೆ ಬೆಳೆದು ಕಾಯಿ ಬಿಡುತ್ತದೆ. ಆದರೆ ಕಾಳು ಬಲಿಯುವ ಕೊನೆಯ ಹಂತದಲ್ಲಿ ಅದರೊಳಗೇ ವಿಷವೊಂದು ಹುಟ್ಟಿ ಮೊಳಕೆಯ ಜೀವವನ್ನು ಕೊಲ್ಲುತ್ತದೆ. ಹತ್ತಿ ಸಿಗುತ್ತದೆ, ಎಣ್ಣೆ ಸಿಗುತ್ತದೆ; ಮುಂದಿನ ಬಿತ್ತನೆಗೆ ಬೀಜ ಮಾತ್ರ ಸಿಗುವುದಿಲ್ಲ. ಸಂಕರಣ ತಳಿ ನಷ್ಟದ ಭಯ ಹುಟ್ಟಿಸಿ ಮಾಡುತ್ತಿದ್ದುದನ್ನು ಇದು ಬೀಗ ಜಡಿದೇ ಮಾಡುವಂಥದು. ಆ ವರ್ಷದ ಮೇ ತಿಂಗಳಲ್ಲಿ ಮಾನ್ಸಾಂಟೊ ಕಂಪನಿ ಡೆಲ್ಟಾವನ್ನು ಕೊಳ್ಳುವುದಾಗಿ ಸಾರಿತು. ಕಾರ್ಗಿಲ್‌ನ ಭಾರತದ ಬೀಜ ವ್ಯಾಪಾರವೂ ಅದೇ ವರ್ಷ ಮಾನ್ಸಾಂಟೊ ಪಾಲಾಯಿತು.

ನವೆಂಬರ್ ಕೊನೆಯಲ್ಲಿ ರಾಯಚೂರು ಜಿಲ್ಲೆಯ ಸಿಂಧನೂರು ಕಡೆಯ ಪ್ರಯೋಗದ ಹತ್ತಿ ಹೊಲಕ್ಕೆ ರೈತ ಸಂಘದವರು ಬೆಂಕಿಯಿಟ್ಟರು. ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಆ ಹೊಲದಲ್ಲಿದ್ದುದು ಕಾಯಿಕೊರಕ ಹುಳವನ್ನು ತಡೆಯುವ ಬಿಟಿ ಹತ್ತಿ, ಟರ್ಮಿನೇಟರ್ ಅಲ್ಲ. ಟರ್ಮಿನೇಟರ್ ಬೀಜ ಇಂದಿನವರೆಗೂ ಜಗತ್ತಿನ ಯಾವ ಅಂಗಡಿಯಲ್ಲೂ ಮಾರಾಟಕ್ಕೆ ಬಂದಿಲ್ಲ. ಜನರ ಮಾತಿನಲ್ಲಿ ಎರಡೂ ಒಂದೇ ಆಗಿಬಿಟ್ಟಿದ್ದವು. ತಾಂತ್ರಿಕವಾಗಿ ಅದು ತಪ್ಪು. ಆದರೆ ಭಯದ ಗುರಿ ತಪ್ಪಿರಲಿಲ್ಲ, ಏಕೆಂದರೆ ಪೇಟೆಂಟು ನಿಜವಾಗಿಯೂ ಇತ್ತು. ಡಿಸೆಂಬರಿನಲ್ಲಿ ಭಾರತ ಸರಕಾರ ಈ ತಂತ್ರಕ್ಕೆ ದೇಶದೊಳಗೆ ಪ್ರವೇಶವಿಲ್ಲವೆಂದು ಸಂಸತ್ತಿನಲ್ಲಿ ಹೇಳಿತು. ಯುರೋಪಿನಲ್ಲೂ ವಿರೋಧ ಏರಿತು. 1999ರ ಅಕ್ಟೋಬರ್ ಮೊದಲ ವಾರದಲ್ಲಿ ಮಾನ್ಸಾಂಟೊ ಮುಖ್ಯಸ್ಥ ರಾಬರ್ಟ್ ಶಪೀರೋ, ರಾಕ್‌ಫೆಲರ್ ಪ್ರತಿಷ್ಠಾನದ ಗಾರ್ಡನ್ ಕಾನ್ವೇ ಅವರಿಗೆ ಬಹಿರಂಗ ಪತ್ರ ಬರೆದು, ಬಂಜೆ ಬೀಜದ ತಂತ್ರವನ್ನು ವಾಣಿಜ್ಯಕ್ಕೆ ತರುವುದಿಲ್ಲವೆಂದು ಮಾತುಕೊಟ್ಟರು.

ರೈತರು ಗೆದ್ದರೇ? ಈ ಪ್ರಶ್ನೆಗೆ ಉತ್ತರ ಹುಡುಕಲು ಬೇರೊಂದು ಲೋಕದ ಕತೆಯನ್ನು ಪಕ್ಕದಲ್ಲಿಟ್ಟು ನೋಡುವುದು ಒಳ್ಳೆಯದು. 2013ರ ಮೇ 21ರಂದು ಮೈಕ್ರೋಸಾಫ್ಟ್ ‘ಎಕ್ಸ್‌ಬಾಕ್ಸ್ ಒನ್’ ಎಂಬ ಆಟದ ಯಂತ್ರವನ್ನು ಪ್ರಕಟಿಸಿತು. ಟಿ.ವಿ.ಗೆ ಜೋಡಿಸಿ ಆಡುವ ಯಂತ್ರ. ಆಟ ಒಂದು ಡಿಸ್ಕಿನಲ್ಲಿರುತ್ತದೆ. ಕೊಂಡ ಡಿಸ್ಕನ್ನು ಗೆಳೆಯನಿಗೆ ಕಡ ಕೊಡುವುದು, ಆಡಿ ಬೇಸರವಾದ ಮೇಲೆ ಮಾರುವುದು ಹುಡುಗರ ಹಳೆಯ ಪದ್ಧತಿ. ಹೊಸ ಯಂತ್ರ ಇದಕ್ಕೆ ಕಟ್ಟು ಹಾಕಿತು. ಯಂತ್ರ ಪ್ರತಿ 24 ಗಂಟೆಗೊಮ್ಮೆ ಕಂಪನಿಯನ್ನು ಅಂತರ್ಜಾಲದ ಮೂಲಕ ಸಂಪರ್ಕಿಸಬೇಕು, ಆಟವನ್ನು ಇನ್ನೊಬ್ಬನಿಗೆ ಒಮ್ಮೆ ಮಾತ್ರ ಕೊಡಬಹುದು, ಅವನೂ ಕನಿಷ್ಠ 30 ದಿನಗಳಿಂದ ಗೆಳೆಯರ ಪಟ್ಟಿಯಲ್ಲಿರಬೇಕು! ಆಟಗಾರರು ಕೆರಳಿದರು. ಜೂನ್ 10ರಂದು ಎದುರಾಳಿ ಸೋನಿ ಕಂಪನಿ ತನ್ನ ಯಂತ್ರದಲ್ಲಿ ಇಂಥ ಕಟ್ಟಿಲ್ಲವೆಂದಾಗ ಸಭೆಯಲ್ಲಿ ಚಪ್ಪಾಳೆಯೋ ಚಪ್ಪಾಳೆ. ಜೂನ್ 19ರಂದು ಮೈಕ್ರೋಸಾಫ್ಟ್ ಕಟ್ಟುಗಳನ್ನೆಲ್ಲ ಹಿಂತೆಗೆದುಕೊಂಡಿತು.

ಆಟಗಾರರಲ್ಲಿ ಹೆಚ್ಚಿನವರು ಹಿಗ್ಗಿದರು. ಆದರೆ ಕೊರಗಿದವರೂ ಇದ್ದರು. ಕಟ್ಟಿನ ಜೊತೆಗೆ ಬರಬೇಕಿದ್ದ ಒಂದು ಸೌಲಭ್ಯ, ಕುಟುಂಬದ ಹತ್ತು ಜನ ಆಟಗಳನ್ನು ಹಂಚಿಕೊಳ್ಳುವ ಏರ್ಪಾಡು, ಅದೂ ಹೋಯಿತಲ್ಲ ಎಂಬುದು ಅವರ ದೂರು. ಇನ್ನು ಕೆಲವರು, ಇಂದು ಹಿಂತೆಗೆದುಕೊಂಡವರು ನಾಳೆ ಮತ್ತೆ ಹಾಕಿದರೆ ಏನು ಮಾಡುವುದು ಎಂದು ಕೇಳಿದರು. ಅವರ ಶಂಕೆ ಸುಳ್ಳಾಗಲಿಲ್ಲ, ಬೀಗ ಮಾತ್ರ ಬೇರೆ ಬಾಗಿಲಿಂದ ಬಂತು. ಡಿಸ್ಕ್ ಬಿಟ್ಟು ಆಟವನ್ನು ನೇರ ಯಂತ್ರಕ್ಕೇ ಇಳಿಸಿಕೊಳ್ಳುವ ಅನುಕೂಲಕ್ಕೆ ಜನರೇ ಒಲಿದರು. 2019ರಲ್ಲಿ ಅದೇ ಕಂಪನಿ ಡಿಸ್ಕ್ ಹಾಕುವ ಜಾಗವೇ ಇಲ್ಲದ ಯಂತ್ರವನ್ನು ಮಾರಿತು. ಇಲ್ಲದ ಡಿಸ್ಕನ್ನು ಯಾರಿಗೆ ಕಡ ಕೊಡುವುದು?

ಬೀಜದ ಕತೆಯೂ ಇದೇ ದಾರಿ ಹಿಡಿದಿತ್ತು. ಮಾನ್ಸಾಂಟೊ ಕೊಟ್ಟದ್ದು ಮಾತು; ಕರಾರಲ್ಲ, ಕಾನೂನಲ್ಲ. ಆಗ ಪೇಟೆಂಟು ಅದರ ಕೈಯಲ್ಲಿರಲೂ ಇಲ್ಲ. ಡೆಲ್ಟಾ ಖರೀದಿ 1999ರ ಡಿಸೆಂಬರಿನಲ್ಲಿ ಮುರಿದುಬಿತ್ತು. 2007ರಲ್ಲಿ ಅದೇ ಖರೀದಿ ನಡೆದೇ ಹೋಯಿತು. ಇನ್ನು 2002ರ ಮಾರ್ಚಿನಲ್ಲಿ ಬಿಟಿ ಹತ್ತಿಗೆ ಭಾರತದಲ್ಲಿ ಅನುಮತಿ ದೊರೆತಾಗ ಅದು ಬಂದದ್ದು ಸಂಕರಣ ತಳಿಗಳ ಒಳಗೆ. ಟರ್ಮಿನೇಟರಿನ ಅಗತ್ಯವೇ ಬೀಳಲಿಲ್ಲ. 450 ಗ್ರಾಂ ಪೊಟ್ಟಣಕ್ಕೆ 1,600 ರೂಪಾಯಿ ಮೀರಿದ ಬೆಲೆ. ಅದರಲ್ಲಿ ದೊಡ್ಡ ಪಾಲು ಬಿಟಿ ಗುಣಕ್ಕಾಗಿ ಮಾನ್ಸಾಂಟೊ ಪಾಲುದಾರಿಕೆಯ ಕಂಪನಿಗೆ ಸಲ್ಲುವ ಶುಲ್ಕ. 2006ರಲ್ಲಿ ಆಂಧ್ರ ಸರಕಾರ ಏಕಸ್ವಾಮ್ಯ ನಿಯಂತ್ರಣ ಆಯೋಗಕ್ಕೆ ಹೋದ ಮೇಲೆ ಬೆಲೆ 750ಕ್ಕೆ ಇಳಿಯಿತು. ಇಲ್ಲಿಯೂ ಬೆಲೆ ಇಳಿಸಿದ್ದು ಕಂಪನಿಯ ಉದಾರತೆಯಲ್ಲ.

ಅಮೆರಿಕದಲ್ಲಿ ಸೋಯಾ ಅವರೆಯಂಥ ಬೆಳೆಗೆ ಸಂಕರಣದ ಬೀಗ ಸಿಗದು. ಅಲ್ಲಿ ಕರಾರೂ ಪೇಟೆಂಟೂ ಆ ಕೆಲಸ ಮಾಡಿದವು. ಇಂಡಿಯಾನಾದ ರೈತನೊಬ್ಬ ಧಾನ್ಯದ ಉಗ್ರಾಣದಿಂದ ಅಗ್ಗದ ಕಾಳು ತಂದು ಬಿತ್ತಿ, ಅದರ ಬೀಜ ಉಳಿಸಿಕೊಂಡ. ಮಾನ್ಸಾಂಟೊ ದಾವೆ ಹೂಡಿತು. ಕೊಂಡ ಮೇಲೆ ಕಾಳು ತನ್ನದು ಎಂಬುದು ಅವನ ವಾದ. ಅಲ್ಲಿನ ಸುಪ್ರೀಂ ಕೋರ್ಟಿನ ಒಂಬತ್ತೂ ನ್ಯಾಯಮೂರ್ತಿಗಳು ಅದನ್ನು ತಳ್ಳಿಹಾಕಿದರು: ಕಾಳನ್ನು ತಿನ್ನಬಹುದು, ಮಾರಬಹುದು, ಅದರಿಂದ ಪೇಟೆಂಟಿನ ಬೀಜದ ಹೊಸ ಪ್ರತಿ ಬೆಳೆಯುವಂತಿಲ್ಲ. ತೀರ್ಪಿನ ದಿನಾಂಕ 2013ರ ಮೇ 13. ಆಟದ ಯಂತ್ರದ ಗದ್ದಲಕ್ಕೆ ಎಂಟು ದಿನ ಮುಂಚೆ. ಆಟಗಾರರ ಸಿಟ್ಟಿಗೆ ಬಗ್ಗುವ ಎದುರಾಳಿ ಕಂಪನಿ ಇತ್ತು. ಆ ಮುದುಕ ರೈತನಿಗೆ ಯಾರೂ ಇರಲಿಲ್ಲ.

ಭಾರತದ ದಾರಿ ಇಲ್ಲಿ ಬೇರೆಯಾಯಿತು. ಇಲ್ಲಿಯ ಪೇಟೆಂಟ್ ಕಾಯಿದೆ ಸಸ್ಯಗಳನ್ನೂ ಬೀಜವನ್ನೂ ಹೊರಗಿಟ್ಟಿದೆ. 2001ರ ಸಸ್ಯತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆ ತಳಿ ಅಭಿವೃದ್ಧಿಪಡಿಸಿದವರಿಗೆ ಹಕ್ಕು ಕೊಡುತ್ತದೆ. ಆದರೆ 39ನೇ ಕಲಮಿನಲ್ಲಿ ರೈತ ತನ್ನ ಬೆಳೆಯನ್ನು, ಬೀಜವೂ ಸೇರಿದಂತೆ, ಉಳಿಸಬಹುದು, ಮರುಬಿತ್ತಬಹುದು, ಬದಲಿಸಿಕೊಳ್ಳಬಹುದು, ಹಂಚಬಹುದು, ಮಾರಬಹುದು ಎನ್ನುತ್ತದೆ. ಬ್ರಾಂಡಿನ ಹೆಸರು ಹಾಕಿ ಮಾರುವಂತಿಲ್ಲ, ಅಷ್ಟೆ. ಟರ್ಮಿನೇಟರಿನಂಥ ತಂತ್ರವುಳ್ಳ ತಳಿಗೆ ನೋಂದಣಿಯೇ ಇಲ್ಲ. 1999ರ ಪತ್ರ ಕೊಡದ ಭದ್ರತೆಯನ್ನು ಕೊಟ್ಟದ್ದು ಈ ಕಲಮು.

ಅದರ ಪರೀಕ್ಷೆ ನಡೆದದ್ದು ಗುಜರಾತಿನಲ್ಲಿ. ಚಿಪ್ಸ್‌ಗೆ ಬಳಸುವ, ತನ್ನ ಹೆಸರಿನಲ್ಲಿ ನೋಂದಾಯಿಸಿದ ಆಲೂಗಡ್ಡೆ ತಳಿಯನ್ನು ಅನುಮತಿಯಿಲ್ಲದೆ ಬೆಳೆದರೆಂದು ಪೆಪ್ಸಿಕೋ ಕಂಪನಿ 2019ರಲ್ಲಿ ರೈತರ ಮೇಲೆ ದಾವೆ ಹೂಡಿತು. ನಾಲ್ವರು ಸಣ್ಣ ರೈತರಿಂದ ತಲಾ ಒಂದು ಕೋಟಿ ಐದು ಲಕ್ಷ ರೂಪಾಯಿ ಪರಿಹಾರದ ಬೇಡಿಕೆ! ದೇಶದೆಲ್ಲೆಡೆ ರೈತ ಸಂಘಟನೆಗಳು 39ನೇ ಕಲಮನ್ನು ಎತ್ತಿ ತೋರಿಸಿದವು. ಮೇ ತಿಂಗಳಲ್ಲಿ ಕಂಪನಿ ದಾವೆಗಳನ್ನು ಹಿಂತೆಗೆದುಕೊಂಡಿತು. ಅಲ್ಲಿಗೆ ಮುಗಿಯಿತೆನ್ನುವಂತಿಲ್ಲ. 2021ರ ಡಿಸೆಂಬರಿನಲ್ಲಿ ಪ್ರಾಧಿಕಾರ ರದ್ದುಪಡಿಸಿದ ಆ ತಳಿಯ ನೋಂದಣಿ, 2024ರ ಜನವರಿಯ ದಿಲ್ಲಿ ಹೈಕೋರ್ಟ್ ತೀರ್ಪಿನಿಂದ ಮತ್ತೆ ಊರ್ಜಿತವಾಯಿತು.

ಇತ್ತ ಹಿರೇಕೆರೂರು, ರಾಣೆಬೆನ್ನೂರು ಕಡೆ ಬೀಜವೇ ಒಂದು ಬೆಳೆ. ಹತ್ತಿ, ಟೊಮೆಟೊ, ಮೆಣಸಿನಕಾಯಿ, ಬೆಂಡೆಗಳ ಸಂಕರಣ ಬೀಜವನ್ನು ಇಲ್ಲಿಯ ರೈತರು ಕಂಪನಿಗಳಿಗಾಗಿ ಕರಾರಿನ ಮೇಲೆ ಬೆಳೆದುಕೊಡುತ್ತಾರೆ. ಹತ್ತಿಯಾದರೆ, ಸಂಜೆಯ ಹೊತ್ತು ಹೆಣ್ಣಾಳುಗಳು ಮಾರನೆಯ ದಿನ ಅರಳುವ ಮೊಗ್ಗನ್ನು ಬಿಡಿಸಿ ಗಂಡುಭಾಗವನ್ನು ಕೈಯಿಂದಲೇ ತೆಗೆಯುತ್ತಾರೆ. ಮರುದಿನ ಬೆಳಗ್ಗೆ ಇನ್ನೊಂದು ತಳಿಯ ಹೂವಿನ ಪರಾಗವನ್ನು ತಂದು ಸವರುತ್ತಾರೆ. ಮೂಲ ತಳಿಗಳ ಬೀಜ ಕಂಪನಿಯದು, ಬಂದ ಬೀಜವೂ ಕಂಪನಿಗೇ ಹೋಗುತ್ತದೆ. ಅದೇ ರೈತ ತನ್ನ ಬೇರೊಂದು ಹೊಲಕ್ಕೆ ಆ ಬೀಜ ಬೇಕೆಂದರೆ ಮುಂಗಾರಿನಲ್ಲಿ ಪೇಟೆಯ ಅಂಗಡಿಯಿಂದ ಪೊಟ್ಟಣ ತರಬೇಕು. ಬ್ಯಾಡಗಿಯ ಕಡ್ಡಿ, ಡಬ್ಬಿ ಮೆಣಸಿನಕಾಯಿಗೆ ಮಾತ್ರ ಈ ಪಾಡಿಲ್ಲ. 2011ರಲ್ಲಿ ಭೌಗೋಳಿಕ ಗುರುತು ಪಡೆದ ಈ ತಳಿಗಳ ಹಣ್ಣನ್ನು ಕಣದಲ್ಲಿ ಒಣಗಿಸುವಾಗ, ಬಣ್ಣವೂ ಸುಕ್ಕೂ ಚೆನ್ನಾಗಿರುವವನ್ನು ಬೀಜಕ್ಕೆಂದು ಬೇರೆ ತೆಗೆದಿಡುವ ಮನೆಗಳು ಇನ್ನೂ ಇವೆ.