ಸಪ್ತತಾಳದ ಅಲಂಕಾರಗಳು ಮತ್ತು ಬಾಲಪಾಠಕ್ರಮ

ಸಂಗೀತಾಭ್ಯಾಸಕ್ಕೆ ತೊಡಗಿದ ಬಾಲಕನಿಗೆ ಸರಳೆವರಸೆ ಜಂಟಿವರಸೆಗಳ ತರುವಾಯ ಏಳು ತಾಳಗಳ ಅಲಂಕಾರಗಳನ್ನು ಹೇಳಿಕೊಡುವ ಪದ್ಧತಿಯು ದಕ್ಷಿಣದೇಶದಲ್ಲಿ ಸರ್ವತ್ರ ರೂಢವಾಗಿದೆ. ಈ ಕ್ರಮಕ್ಕೆ ಪುರಂದರದಾಸರೇ (೧೪೮೪–೧೫೬೪) ಪ್ರವರ್ತಕರೆಂಬುದು ಪರಂಪರೆಯ ಮಾತು. ದಾಸರ ಹೆಸರು ಕೇಳಿಬಂದೊಡನೆ ವಿಚಾರವು ಮುಗಿದುಹೋಯಿತೆಂದು ಭಾವಿಸುವುದೇ ಹೆಚ್ಚು. ಆದರೆ ಸ್ವರಕ್ಕೆ ಸಂಬಂಧಿಸಿದ ‘ಅಲಂಕಾರ’ ಶಬ್ದವು ತಾಳದ ಪಾಠಕ್ಕೆ ಹೆಸರಾದುದು ಹೇಗೆ, ಹದಿನಾಲ್ಕು ಅಕ್ಷರಗಳ ಧ್ರುವತಾಳವು ಎಳೆಯ ಮಕ್ಕಳಿಗೆ ಮೊದಲ ಪಾಠವಾದುದು ಏಕೆ, ಎಂಬ ಎರಡು ಪ್ರಶ್ನೆಗಳು ಇನ್ನೂ ಉಳಿಯುತ್ತವೆ.

ಭರತನ ನಾಟ್ಯಶಾಸ್ತ್ರದಲ್ಲಿ ಕಾವ್ಯಾಲಂಕಾರಗಳು ನಾಲ್ಕೇ, ಗೀತಾಲಂಕಾರಗಳಾದರೋ ಮೂವತ್ತಮೂರು. ದೇವಗಿರಿಯ ಯಾದವರಾಜ ಸಿಂಘಣನ (೧೨೧೦–೧೨೪೭) ಆಶ್ರಯದಲ್ಲಿದ್ದ ಶಾರ್ಙ್ಗದೇವನು ಸಂಗೀತರತ್ನಾಕರದ ಸ್ವರಗತಾಧ್ಯಾಯದಲ್ಲಿ ಅರುವತ್ತಮೂರನ್ನು ಹೇಳಿರುವನು. ಇವೆಲ್ಲವೂ ಸ್ವರಗಳ ಏರಿಳಿತದ ವಿನ್ಯಾಸಗಳು. ಇವುಗಳ ಲಕ್ಷಣದಲ್ಲಿ ತಾಳಕ್ಕೆ ಸ್ಥಾನವಿಲ್ಲ. ತಾಳದ ವಿಚಾರಕ್ಕೆ ಆ ಗ್ರಂಥದಲ್ಲಿ ಪ್ರತ್ಯೇಕವಾಗಿ ಐದನೆಯ ಅಧ್ಯಾಯವೇ ಇದ್ದು, ಅಲ್ಲಿ ನೂರಿಪ್ಪತ್ತು ದೇಶೀತಾಳಗಳು ನಿರೂಪಿತವಾಗಿವೆ. ಇಂದಿನ ಬಾಲಪಾಠದಲ್ಲಿ ಅಲಂಕಾರವೆಂದರೆ ಇಂತಹ ತಾಳಕ್ಕೆ ಇಂತಹ ಸ್ವರಪಂಕ್ತಿ ಎಂಬ ನಿಯಮ. ಹೆಸರು ಹಳೆಯದು, ಅರ್ಥವು ಹೊಸದು.

ಈ ಎರಡರ ನಡುವೆ ನಿಂತಿರುವುದು ಸುಳಾದಿ. ರತ್ನಾಕರದ ಪ್ರಬಂಧಾಧ್ಯಾಯದಲ್ಲಿ ಸಾಲಗಸೂಡವೆಂಬ ಒಂದು ಗೀತವರ್ಗವುಂಟು: ಧ್ರುವ, ಮಂಠ, ಪ್ರತಿಮಂಠ, ನಿಃಸಾರುಕ, ಅಡ್ಡತಾಲ, ರಾಸ, ಏಕತಾಲೀ ಎಂದು ಏಳು. ‘ಸೂಡ’ವು ಗೀತಸಮೂಹವನ್ನು ಹೇಳುವ ದೇಶೀಶಬ್ದವೆಂದು ವ್ಯಾಖ್ಯಾನಕಾರನಾದ ಕಲ್ಲಿನಾಥನ ಅಭಿಪ್ರಾಯ. ಕನ್ನಡದಲ್ಲಿ ಕೊಯ್ದ ಪೈರಿನ ಕಟ್ಟಿಗೆ ಸೂಡು ಎನ್ನುವುದನ್ನು ಇಲ್ಲಿ ನೆನೆಯಬಹುದು. ಸಾಲಗಸೂಡವೇ ಸುಳಾದಿಯಾಯಿತೆಂಬುದು ವಿದ್ವಾಂಸರಲ್ಲಿ ಬಹುಮತ. ‘ಸುಳುಹಾದಿ’ ಎಂದು ಬಿಡಿಸುವುದು ಕಿವಿಗೆ ಇಂಪಾಗಿದ್ದರೂ ಶಾಸ್ತ್ರಕ್ಕೆ ಒಪ್ಪುವಂತಿಲ್ಲ, ಸುಳಾದಿಯನ್ನು ಹಾಡಿ ಬಲ್ಲವರಾರೂ ಅದನ್ನು ಸುಳುವೆನ್ನಲಾರರು. ಶ್ರೀಪಾದರಾಜರು, ವ್ಯಾಸರಾಯರು, ಪುರಂದರದಾಸರು ರಚಿಸಿದ ಸುಳಾದಿಗಳಲ್ಲಿ ಒಂದೊಂದು ಖಂಡಕ್ಕೆ ಒಂದೊಂದು ತಾಳ. ಆ ತಾಳಗಳ ಸಾಲು ಬಹುಮಟ್ಟಿಗೆ ಧ್ರುವದಿಂದ ತೊಡಗಿ ಮಟ್ಟೆ, ರೂಪಕ, ಝಂಪೆ, ತ್ರಿವುಡೆ, ಅಟ್ಟಗಳನ್ನು ದಾಟಿ ಏಕದಲ್ಲಿ ನಿಲ್ಲುತ್ತದೆ; ಕೊನೆಗೆ ಜತೆ. ಮಕ್ಕಳ ಅಲಂಕಾರಗಳ ಸಾಲೂ ಇದೇ. ರತ್ನಾಕರದಲ್ಲಿಯೂ ಮೊದಲನೆಯದು ಧ್ರುವ, ಕಡೆಯದು ಏಕತಾಲೀ. ಆದುದರಿಂದ ಧ್ರುವಕ್ಕೆ ಅಗ್ರಸ್ಥಾನ ದೊರೆತುದು ಬಾಲಕನ ಶಕ್ತಿಯನ್ನು ಅಳೆದಲ್ಲ, ಪ್ರಬಂಧಗಳ ಪ್ರಾಚೀನ ಗಣನೆಯನ್ನು ಅನುಸರಿಸಿ ಎಂಬುದು ಸ್ಪಷ್ಟ. ದಾಸರೇ ಈ ಪಾಠಗಳನ್ನು ಕಟ್ಟಿದರೆಂಬ ಪ್ರತೀತಿಗೆ ಈ ಸಾಮ್ಯವು ಪೋಷಕವೇ ಹೊರತು ಸಾಧಕವಲ್ಲ.

ಅಲಂಕಾರಗಳ ಒಳರಚನೆಯಾದರೋ ಬಹು ವಿವೇಕದಿಂದ ಕೂಡಿದೆ. ಚತುರಶ್ರ ಏಕತಾಳದ ನಾಲ್ಕು ಅಕ್ಷರಗಳಿಗೆ ಸರಿಗಮ ಎಂದಿಷ್ಟೆ. ರೂಪಕದ ಎರಡು ಮತ್ತು ನಾಲ್ಕಕ್ಕೆ ಸರಿ, ಸರಿಗಮ. ತಿಶ್ರ ತ್ರಿಪುಟದ ಮೂರು, ಎರಡು, ಎರಡಕ್ಕೆ ಸರಿಗ, ಸರಿ, ಗಮ. ಮಠ್ಯದ ಹತ್ತಕ್ಕೆ ಸರಿಗಮ, ಗರಿ, ಸರಿಗಮ. ಧ್ರುವದ ಹದಿನಾಲ್ಕಕ್ಕೆ ಸರಿಗಮ, ಗರಿ, ಸರಿಗರಿ, ಸರಿಗಮ. ಯಾವ ತಾಳವನ್ನು ತೆಗೆದುಕೊಂಡರೂ ಒಂದು ಆವರ್ತದಲ್ಲಿ ನಾಲ್ಕು ಸ್ವರಗಳ ಎಲ್ಲೆಯನ್ನು ಮೀರುವುದಿಲ್ಲ. ಮುಂದಿನ ಆವರ್ತವು ರಿಷಭದಿಂದ ಹೊರಟು ಇದೇ ನಡೆಯನ್ನು ನಡೆಯುತ್ತದೆ. ಸರಳೆಯಲ್ಲಿ ಆದಿತಾಳವು ಸ್ಥಿರವಾಗಿದ್ದು ಸ್ವರವಿನ್ಯಾಸವು ಬದಲಾಗುತ್ತಿತ್ತು. ಇಲ್ಲಿ ಸ್ವರಸಾಮಗ್ರಿಯು ಸ್ಥಿರವಾಗಿದ್ದು ತಾಳವು ಬದಲಾಗುತ್ತದೆ. ಕಂಠಕ್ಕೆ ಹೊಸ ಶ್ರಮವಿಲ್ಲವಾಗಿ ಬಾಲಕನ ಗಮನವೆಲ್ಲವೂ ಕೈಯ ಮೇಲೆ ನಿಲ್ಲುತ್ತದೆ: ಲಘುವಿಗೆ ಒಂದು ಘಾತ ಮತ್ತು ಕಿರುಬೆರಳಿನಿಂದ ಎಣಿಕೆ, ದ್ರುತಕ್ಕೆ ಘಾತ ಮತ್ತು ಅಂಗೈಯನ್ನು ಮೇಲ್ಮಾಡುವ ವಿಸರ್ಜಿತ, ಅನುದ್ರುತಕ್ಕೆ ಬರಿಯ ಘಾತ. ಮಾರ್ಗತಾಳಗಳ ಸಶಬ್ದ ಮತ್ತು ನಿಃಶಬ್ದ ಕ್ರಿಯೆಗಳು ಒಟ್ಟು ಎಂಟು. ಶಮ್ಯಾ, ಸನ್ನಿಪಾತ ಮೊದಲಾದ ಅವುಗಳ ಹೆಸರುಗಳು ಪ್ರಯೋಗದಿಂದ ಮರೆಯಾದರೂ, ಸದ್ದುಳ್ಳ ಕ್ರಿಯೆ ಸದ್ದಿಲ್ಲದ ಕ್ರಿಯೆ ಎಂಬ ಭೇದವು ಹೀಗೆ ಮಕ್ಕಳ ಕೈಯಲ್ಲಿ ಉಳಿದುಬಂದಿದೆ.

ಉಳಿದ ಎರಡು ತಾಳಗಳಲ್ಲಿ ಇನ್ನೊಂದು ಸೂಕ್ಷ್ಮವುಂಟು. ಮಿಶ್ರ ಝಂಪೆಯ ಏಳು, ಒಂದು, ಎರಡರಲ್ಲಿ ಸರಿಗಸರಿಸರಿ, ಗ, ಮ ಎಂದು ಹೇಳಿ ಕಡೆಯ ಅಕ್ಷರವನ್ನು ಕಾರ್ವೆಗೆ ಬಿಡಬೇಕು. ಖಂಡ ಅಟ್ಟತಾಳದ ಐದು, ಐದು, ಎರಡು, ಎರಡರಲ್ಲಿ ಉಚ್ಚರಿಸುವ ಸ್ವರಗಳು ಎಂಟೇ; ಆರು ಅಕ್ಷರಗಳು ಕಾರ್ವೆ. ಬಾಯಿ ಹೊಸ ಸ್ವರವನ್ನು ಹೇಳದಿರುವಾಗಲೂ ಬೆರಳು ನಿಲ್ಲಕೂಡದು. ತಾಳಜ್ಞಾನದ ನಿಜವಾದ ಪರೀಕ್ಷೆ ಇದೇ. ಇಷ್ಟನ್ನು ನೋಡಿದರೆ ಧ್ರುವವು ಉದ್ದವಾಗಿದ್ದರೂ ಕಾರ್ವೆಯಿಲ್ಲದುದರಿಂದ ತೋರುವಷ್ಟು ಕಠಿನವಲ್ಲವೆಂದೂ, ಅಟ್ಟವನ್ನು ಹಿಂದಕ್ಕೆ ಇಟ್ಟುದು ಯುಕ್ತವೇ ಎಂದೂ ಸಾಂಪ್ರದಾಯಿಕರು ಹೇಳಬಹುದು. ಅದು ಸರಿಯೇ. ಆದರೆ ಎಲ್ಲಕ್ಕಿಂತ ಸುಲಭವಾದ ಏಕವು ಎಲ್ಲಕ್ಕಿಂತ ಕಡೆಗೆ ನಿಂತಿರುವುದಕ್ಕೆ ಈ ಸಮಾಧಾನವು ಸಾಲದು.

ಏಕದಿಂದ ತೊಡಗಿ ರೂಪಕ, ತ್ರಿಪುಟಗಳ ಮೂಲಕ ಧ್ರುವಕ್ಕೆ ಏರಿಸುವ ಅಧ್ಯಾಪಕರೂ ಉಂಟು. ಇದನ್ನು ಸಂಪ್ರದಾಯಭಂಗವೆಂದು ಆಕ್ಷೇಪಿಸುವವರೂ ಉಂಟು. ಈ ವಾದಕ್ಕೆ ಮೀಮಾಂಸಕರು ಉತ್ತರವನ್ನು ಎಂದೋ ಕೊಟ್ಟಿರುವರು. ವೇದದಲ್ಲಿ ಅಗ್ನಿಹೋತ್ರಹೋಮದ ವಿಧಿಯು ಮೊದಲು, ಗಂಜಿಯನ್ನು ಬೇಯಿಸುವ ವಿಧಿಯು ಆಮೇಲೆ ಪಠಿತವಾಗಿದೆ. ಆದರೂ ಬೇಯಿಸದ ಗಂಜಿಯನ್ನು ಹೋಮಮಾಡುವುದು ಅಶಕ್ಯವಾದುದರಿಂದ ಪಾಠಕ್ರಮಕ್ಕಿಂತ ಅರ್ಥಕ್ರಮವೇ ಬಲವತ್ತರವೆಂದು ಅಲ್ಲಿ ನಿರ್ಣಯ. ಶ್ರುತಿವಾಕ್ಯಕ್ಕೇ ಈ ನ್ಯಾಯವು ಸಲ್ಲುವುದಾದರೆ ಸ್ವರವರಸೆಗೆ ಸಲ್ಲದೆ ಇರಲು ಕಾರಣವಿಲ್ಲ. ಏಳು ಅಲಂಕಾರಗಳಲ್ಲಿ ಒಂದನ್ನೂ ಬಿಡದೆ, ಒಂದಕ್ಷರವನ್ನೂ ತಿದ್ದದೆ, ಅನುಕ್ರಮವನ್ನು ಮಾತ್ರ ಮಗುವಿನ ಶಕ್ತಿಗೆ ತಕ್ಕಂತೆ ಮಾರ್ಪಡಿಸುವುದರಿಂದ ಸಂಪ್ರದಾಯಕ್ಕೆ ಲೋಪವೇನೂ ಬಾರದು.

ಈ ಪಾಠದ ಪ್ರಯೋಜನವು ಗಾಯಕರಾಗತಕ್ಕವರಿಗೆ ಮಾತ್ರವೆಂದು ಎಣಿಸಬಾರದು. ಮೂರು ಮತ್ತು ನಾಲ್ಕು ಮಾತ್ರೆಗಳ ಗಣಗಳು ಒಂದಾದಮೇಲೊಂದು ಬರುವ ಭಾಮಿನೀಷಟ್ಪದಿಯ ನಡೆಗೂ, ಮೂರು ಎರಡು ಎರಡಾಗಿ ಏಳು ಅಕ್ಷರಗಳನ್ನು ಎಣಿಸುವ ತಿಶ್ರ ತ್ರಿಪುಟಕ್ಕೂ ಇರುವ ಹೊಂದಿಕೆ ಕಿವಿಗೆ ತಾನಾಗಿಯೇ ತಿಳಿಯುತ್ತದೆ. ಐದೈದು ಮಾತ್ರೆಗಳ ವಾರ್ಧಕವನ್ನು ಖಂಡಲಘುವಿನ ಎಣಿಕೆಯಿಂದ ಅಳೆಯಬಹುದು. ಪಾಠಶಾಲೆಗಳಲ್ಲಿ ಪದ್ಯದ ಮೇಲೆ ಗುರುಲಘುಗಳ ಗುರುತನ್ನು ಹಾಕಿಸಿ ಗಣವಿಭಾಗವನ್ನು ಮಾಡಿಸುವುದು ವಾಡಿಕೆ; ಪ್ರಸ್ತಾರದಲ್ಲಿ ತಪ್ಪದ ವಿದ್ಯಾರ್ಥಿಯೇ ಪದ್ಯವನ್ನು ಓದುವಾಗ ಗಣದ ನಡುವೆ ನಿಂತು ಮುಗ್ಗರಿಸುವುದನ್ನು ಅಧ್ಯಾಪಕರು ಬಲ್ಲರು. ತ್ರಿಪುಟದ ಅಲಂಕಾರವನ್ನು ಕೈಯಲ್ಲಿ ಹಾಕಿ ಬಂದ ಹತ್ತು ವರ್ಷದ ಬಾಲಕನು ಮಾತ್ರೆಯ ಹೆಸರನ್ನೇ ಕೇಳದಿದ್ದರೂ ಕುಮಾರವ್ಯಾಸನ ಪದ್ಯದಲ್ಲಿ ನಿಲ್ಲಬೇಕಾದ ಕಡೆಯೇ ನಿಲ್ಲುತ್ತಾನೆ.