ಬಿರುದಿನ ಹಿಂದೆ ಮರೆಯಾದ ತಾಯಿ

ಆಧುನಿಕ ಮೈಸೂರಿನ ಚರಿತ್ರೆಯನ್ನು ನಾವು ಸಾಮಾನ್ಯವಾಗಿ ಮಹಾರಾಜರ ಮತ್ತು ದಿವಾನರ ಚರಿತ್ರೆಯಾಗಿ ಓದುತ್ತೇವೆ. ಹತ್ತನೆಯ ಚಾಮರಾಜೇಂದ್ರ ಒಡೆಯರ ನಿಧನಕ್ಕೂ ಅವರ ಮಗ ನಾಲ್ವಡಿ ಕೃಷ್ಣರಾಜ ಒಡೆಯರು ಅಧಿಕಾರ ವಹಿಸಿಕೊಂಡದ್ದಕ್ಕೂ ನಡುವೆ ಏಳೂವರೆ ವರ್ಷಗಳ ಅಂತರವಿದೆ. ಆ ಕಾಲದಲ್ಲಿ ಮನೆಯನ್ನೂ ರಾಜ್ಯವನ್ನೂ ಕಾಪಾಡಿದವರು ಮಹಾರಾಣಿ ಕೆಂಪನಂಜಮ್ಮಣ್ಣಿಯವರು.

1894ರ ಡಿಸೆಂಬರಿನಲ್ಲಿ ಕಲ್ಕತ್ತೆಗೆ ಹೋಗಿದ್ದ ಚಾಮರಾಜೇಂದ್ರರು ಡಿಫ್ತೀರಿಯಾ ತಗುಲಿ ಅಲ್ಲಿಯೇ ತೀರಿಕೊಂಡರು. ಅವರಿಗಾಗ ಮೂವತ್ತೊಂದು ವರ್ಷ. ಮಹಾರಾಣಿಯವರಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ. ಇಬ್ಬರು ಗಂಡುಮಕ್ಕಳು, ಮೂವರು ಹೆಣ್ಣುಮಕ್ಕಳು. ಹಿರಿಯ ಮಗನಿಗೆ ಹತ್ತೇ ವರ್ಷ. ಕಲ್ಕತ್ತೆಯ ಕೇವರಾತಲಾ ಘಾಟಿನ ಬಳಿ ಮೈಸೂರಿನ ಹೆಸರು ಹೊತ್ತ ಸ್ಮಾರಕ ಇಂದಿಗೂ ಇದೆ. ಪರಸ್ಥಳದಲ್ಲಿ ಆದ ಆ ಸಾವಿನ ಗುರುತು ಅದು.

ಸಾವು ಮನೆಯದಾದರೂ ಆತಂಕ ರಾಜ್ಯದ್ದೂ ಆಗಿತ್ತು. 1831ರಿಂದ ಐವತ್ತು ವರ್ಷ ಬ್ರಿಟಿಷ್ ಕಮಿಷನರುಗಳ ಕೈಯಲ್ಲಿದ್ದ ಮೈಸೂರು, ಒಡೆಯರಿಗೆ ಮರಳಿ ಬಂದು ಆಗಿನ್ನೂ ಹದಿಮೂರು ವರ್ಷವಾಗಿತ್ತಷ್ಟೆ. ವಿಧವೆಯನ್ನು ಶುಭಕಾರ್ಯಗಳಿಂದಲೇ ದೂರವಿಡುತ್ತಿದ್ದ ಕಾಲದಲ್ಲಿ, 1895ರಲ್ಲಿ ಅವರು ಮಗನ ಪರವಾಗಿ ರೀಜೆಂಟ್ ಮಹಾರಾಣಿಯಾದರು. ಆಡಳಿತಕ್ಕೆ ನೆರವಾಗಲು ದಿವಾನ್ ಶೇಷಾದ್ರಿ ಅಯ್ಯರ್ ಅಧ್ಯಕ್ಷತೆಯ ಸಮಿತಿಯಿತ್ತು.

ಪರೀಕ್ಷೆಗಳು ಒಂದರ ಹಿಂದೊಂದು ಬಂದವು. 1897ರಲ್ಲಿ ಹಿರಿಯ ಮಗಳು ಜಯಲಕ್ಷಮ್ಮಣ್ಣಿಯವರ ವಿವಾಹದ ಸಂಭ್ರಮದ ನಡುವೆಯೇ ಮರದ ಹಳೆಯ ಅರಮನೆ ಬೆಂಕಿಗೆ ಆಹುತಿಯಾಯಿತು. ಅದೇ ವರ್ಷ ಹೊಸ ಅರಮನೆಯ ಕೆಲಸ ಮೊದಲಾಯಿತು. ಅದರ ವಾಸ್ತುಶಿಲ್ಪಿ ಹೆನ್ರಿ ಇರ್ವಿನ್; ಸಿಮ್ಲಾದ ವೈಸ್‌ರೀಗಲ್ ಲಾಡ್ಜ್ ಮತ್ತು ಮದರಾಸಿನ ಕನ್ನೆಮಾರಾ ಗ್ರಂಥಾಲಯದ ಹಿಂದಿದ್ದವರೂ ಅವರೇ. 1898ರಲ್ಲಿ ಪ್ಲೇಗ್ ಬಂತು. ಬೆಂಗಳೂರಿನ ಜನ ಮನೆ ತೊರೆದು ಬಯಲಿಗೆ ನಡೆದರು. ಆ ವರ್ಷವೇ ಹಿರಿಯೂರಿನ ಬಳಿ ವೇದಾವತಿಗೆ ಅಡ್ಡಲಾಗಿ ಮಾರಿಕಣಿವೆ ಅಣೆಕಟ್ಟಿನ ಕಾಮಗಾರಿ ಆರಂಭವಾಯಿತು. 1900ರಲ್ಲಿ ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆ ತೆರೆಯಿತು. ಕಾಠಿಯಾವಾಡದಿಂದ ಸೊಸೆ ಮನೆಗೆ ಬಂದರು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳನ್ನು ತಲುಪಿತು. ಕೆಲವೇ ವಾರಗಳ ನಂತರ, ಆಗಸ್ಟ್ 8ರಂದು, ಲಾರ್ಡ್ ಕರ್ಜನ್ ಸಮ್ಮುಖದಲ್ಲಿ ಹದಿನೆಂಟರ ಮಗ ಅಧಿಕಾರ ವಹಿಸಿಕೊಂಡರು. ತಾಯಿ ಹಿಂದೆ ಸರಿದರು.

ಇವೆಲ್ಲವೂ ಶೇಷಾದ್ರಿ ಅಯ್ಯರ್ ಅವರ ಸಾಧನೆಗಳೆಂದು ಹೇಳುವವರಿದ್ದಾರೆ. ದಿವಾನರ ದೂರದೃಷ್ಟಿ ನಿರ್ವಿವಾದ. ಆದರೆ ಸರ್ಕಾರಿ ಕಡತಗಳ ನಡುವೆ ಎರಡು ದಶಕ ಕಳೆದವನಾಗಿ ನಾನೊಂದು ಮಾತು ಬಲ್ಲೆ: ಟಿಪ್ಪಣಿ ಬರೆಯುವ ಜಾಣ್ಮೆ ಬೇರೆ, ಕೆಟ್ಟ ಕಾಲದಲ್ಲಿ ಅದಕ್ಕೆ ಒಪ್ಪಿಗೆಯ ಸಹಿ ಹಾಕುವ ಹೊಣೆ ಬೇರೆ. ಅರಮನೆ ಸುಟ್ಟು, ಊರಿಗೆ ಪ್ಲೇಗ್ ಬಡಿದಿರುವಾಗ ದೊಡ್ಡ ಖರ್ಚಿನ ಕೆಲಸಗಳನ್ನು ಮುಂದೂಡುವುದು ಸುಲಭವಾಗಿತ್ತು. ಅವು ನಿಲ್ಲಲಿಲ್ಲ. ಹಾಗೆ ನಿಲ್ಲದಂತೆ ನೋಡಿಕೊಂಡ ಮನಸ್ಸಿಗೆ ಚರಿತ್ರೆ ಪ್ರತ್ಯೇಕ ಲೆಕ್ಕ ಇಡುವುದಿಲ್ಲ.

ನಮ್ಮ ಮನೆಗಳ ಅಜ್ಜಿಯಂದಿರ ವಿಷಯದಲ್ಲೂ ಇದೇ ಆಗಿದೆ. ಮೊಮ್ಮಕ್ಕಳಿಗೆ ಅವರು ಅಜ್ಜಿ, ಊರಿಗೆ ಶಾನುಭೋಗರ ಹೆಂಡತಿ. ಅವರ ಸ್ವಂತ ಹೆಸರು ಪಡಿತರ ಚೀಟಿಯಲ್ಲಷ್ಟೇ ಉಳಿಯುತ್ತದೆ. ಕೆಂಪನಂಜಮ್ಮಣ್ಣಿಯವರನ್ನು ಜನ ‘ವಾಣಿವಿಲಾಸ ಸನ್ನಿಧಾನ’ ಎಂದು ಗೌರವಿಸಿದರು. ಆ ಬಿರುದು ರಸ್ತೆಗೆ, ಆಸ್ಪತ್ರೆಗೆ, ಮಾರಿಕಣಿವೆಯ ಜಲಾಶಯಕ್ಕೆ ಸಂದಿತು. ವಾಣಿವಿಲಾಸ ರಸ್ತೆಯಲ್ಲಿ ನಿತ್ಯ ಓಡಾಡುವ ಎಷ್ಟು ಮಂದಿಗೆ ಅದು ಕಳಲೆ ಮನೆತನದ ಒಬ್ಬ ಹೆಣ್ಣುಮಗಳ ನೆನಪೆಂದು ಗೊತ್ತಿದೆ? ಹೊರನಾಡಿನಲ್ಲಿ ಬೆಳೆಯುತ್ತಿರುವ ನಮ್ಮ ಮಕ್ಕಳಿಗಂತೂ ಅದನ್ನು ನಾವೇ ಹೇಳಬೇಕು.

ಒಣಸೀಮೆಯ ಆ ಜಲಾಶಯ ಪೂರ್ಣ ತುಂಬುವುದು ಬಲು ಅಪರೂಪ. 1933ರಲ್ಲಿ ಅದು ತುಂಬಿತು. ಮರುವರ್ಷ ಮಹಾರಾಣಿಯವರು ತೀರಿಕೊಂಡರು. ಮತ್ತೆ ಅದು ಕೋಡಿ ಬಿದ್ದದ್ದು 2022ರಲ್ಲಿ. ಅಂದು ಸಾವಿರಾರು ಜನ ನೀರು ನೋಡಲು ನೆರೆದು ಬಾಗಿನ ಅರ್ಪಿಸಿದರು.