ಕ್ರಯಪತ್ರದೊಳಗೊಂದು ಶಾಸನ

ಪಾವಗಡದ ಕಡೆ ಮನೆಯನ್ನೋ ಜಮೀನನ್ನೋ ಕೊಂಡಿದ್ದರೆ ಕ್ರಯಪತ್ರವನ್ನು ಒಮ್ಮೆ ತೆಗೆದು ಓದಿ. ‘ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ’ ಎಂಬ ಸಾಲು ಈಗಲೂ ಎಷ್ಟೋ ಕನ್ನಡ ಪತ್ರಗಳಲ್ಲಿ ಇರುತ್ತೆ. ಪತ್ರ ಬರಹಗಾರರು ಅದನ್ನು ಉಸಿರು ಬಿಡದೆ ಓದಿ ಮುಂದಕ್ಕೆ ಹೋಗಿಬಿಡ್ತಾರೆ! ಇದು ವಿಜಯನಗರ ಕಾಲದ ಕಲ್ಲು, ತಾಮ್ರಪಟಗಳಲ್ಲಿ ಬರುವ ಅಷ್ಟಭೋಗ: ಹೂತಿಟ್ಟ ಧನ, ನೀರು, ಕಲ್ಲು, ಈಗಿರುವ ಹುಟ್ಟುವಳಿ, ಮುಂದೆ ಬರಬಹುದಾದದ್ದು, ಎಲ್ಲವೂ ಪಡೆದವನಿಗೆ.

ಚೌಕಾಸಿ ನಡೆದದ್ದರ ಗುರುತೂ ಹಳೆಯ ಕ್ರಯಶಾಸನಗಳಲ್ಲುಂಟು: ‘ತತ್ಕಾಲೋಚಿತ ಮಧ್ಯಸ್ಥ ಪರಿಕಲ್ಪಿತ ಉಭಯವಾದಿ ಸಮ್ಮತ’. ಆ ಹೊತ್ತಿನ ಧಾರಣೆಗೆ ತಕ್ಕಂತೆ ಮಧ್ಯಸ್ಥರು ಕಟ್ಟಿ, ಎರಡೂ ಕಡೆಯವರು ಒಪ್ಪಿದ ಬೆಲೆ ಅಂತ ಅರ್ಥ. ಈ ಮಧ್ಯಸ್ಥ ಇವತ್ತಿನ ಬ್ರೋಕರನಿಗಿಂತ ಊರ ಹಿರಿಯನಿಗೇ ಹತ್ತಿರದವನೆಂದು ನನ್ನ ಅನಿಸಿಕೆ. ಹಣ ಪೂರ್ತಿ ಸಂದಿತೆಂದೂ ಅಂಥ ಪತ್ರಗಳು ಹೇಳುತ್ತವೆ. ನಾವು ಮುಂಗಡ ಕೊಟ್ಟು ಮಾಡಿಸುವ ಅಗ್ರಿಮೆಂಟ್ ಆ ಮಟ್ಟಕ್ಕೆ ಬರೋದಿಲ್ಲ: 1882ರ ಆಸ್ತಿ ವರ್ಗಾವಣೆ ಕಾಯ್ದೆಯ 54ನೇ ಕಲಮಿನ ಪ್ರಕಾರ ಕರಾರು ಒಂದರಿಂದಲೇ ಮನೆ ನಮ್ಮದಾಗಲ್ಲ.

ಎಂಟರಲ್ಲಿ ‘ಆಗಾಮಿ’ಯ ತೂಕ ಈ ತಾಲ್ಲೂಕಿಗೆ ಚೆನ್ನಾಗಿ ಗೊತ್ತು. ತಿರುಮಣಿ ಸುತ್ತಿನ ಸೋಲಾರ್ ಪಾರ್ಕಿಗೆ ರೈತರು ಸುಮಾರು 13,000 ಎಕರೆಯನ್ನು ಕ್ರಯಕ್ಕೆ ಕೊಡದೆ ಗುತ್ತಿಗೆಗೆ ಕೊಟ್ಟರು. ಅಷ್ಟಭೋಗದಲ್ಲಿ ಬಿಸಿಲಿನ ಹೆಸರಿಲ್ಲ. ಭೂಮಿ ಮಾರಿಬಿಟ್ಟಿದ್ದರೆ ಅದೂ ‘ಆಗಾಮಿ’ಯೊಳಗೇ ಸೇರಿ ಕೊಂಡವರ ಪಾಲಾಗುತ್ತಿತ್ತು.